ನವಾಬರು, ಪೇರೆಂಟ್ಸುಗಳು: ಕಲ್ಯಾಣ ಸೀಮೆಯ ಕನ್ನಡದಲ್ಲಿ ಪರಭಾಷೆಯ ಬಹುವಚನ

ಬಸವಕಲ್ಯಾಣದ ಕಡೆಯ ಗೋರ್ಟಾ (ಬಿ) ಊರಿನ ಹೆಸರಿಗೆ ಅಂಟಿದ ಬಾಲದಲ್ಲೇ ಆ ಸೀಮೆಯ ಭಾಷಾಚರಿತ್ರೆ ಅಡಗಿದೆ. ಬೀದರ ಜಿಲ್ಲೆಯ ಊರ ಹೆಸರುಗಳ ಬೆನ್ನಿಗೆ ಬರುವ (ಬಿ), (ಕೆ) ಎಂಬವು ಬುಜುರ್ಗ್, ಖುರ್ದ್ ಎಂಬ ಪಾರಸಿ ಪದಗಳ ಗುರುತು. ಹಿರಿದು, ಕಿರಿದು ಎಂದರ್ಥ. ಪದ ಪಾರಸಿಯದು, ಅದನ್ನು ಮೊಟಕು ಮಾಡಿದ ಅಕ್ಷರ ಇಂಗ್ಲಿಷಿನದು, ಬರೆಯುವ ಲಿಪಿ ಕನ್ನಡದ್ದು. ಹೀಗೆ ಪದರು ಪದರಾಗಿ ಬಂದ ಮಾತುಗಳಿಗೆ ಕನ್ನಡ ಬಹುವಚನವನ್ನು ಹೇಗೆ ಹಚ್ಚಿಕೊಂಡಿತು? ‘ಪೇರೆಂಟ್ಸುಗಳು’, ‘ಮಾರ್ಕ್ಸುಗಳು’ ಎಂದರೆ ಓದಿದವರು ನಗುತ್ತಾರೆ. ಕೊನೆಯ ‘ಸ್’ ಆಗಲೇ ಬಹುವಚನವಾಗಿರುವಾಗ ಅದರ ಮೇಲೆ ‘ಗಳು’ ಯಾಕೆ ಎಂಬುದು ಅವರ ತಕರಾರು. ಆದರೆ ಈ ಪದ್ಧತಿಯನ್ನು ಕನ್ನಡ ಇಂಗ್ಲಿಷಿನ ಸಹವಾಸಕ್ಕೆ ಮೊದಲೇ ರೂಢಿಸಿಕೊಂಡಿತ್ತು ಎಂಬುದು ನನ್ನ ವಾದ.

ಇದಕ್ಕೆ ಸಾಕ್ಷಿ ದರಬಾರಿನ ಮಾತುಗಳಲ್ಲಿದೆ. 1948ರವರೆಗೆ ಈ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1884ರಲ್ಲಿ ಅಲ್ಲಿ ಪಾರಸಿಯ ಜಾಗಕ್ಕೆ ಉರ್ದು ಆಡಳಿತ ಭಾಷೆಯಾಯಿತು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯವೂ ಉರ್ದು ಮಾಧ್ಯಮದಲ್ಲೇ ಹುಟ್ಟಿತು. ಈ ಭಾಷೆಗಳ ಮೂಲಕ ಅರಬ್ಬಿ ಪದಗಳೂ ಬಂದವು. ಅರಬ್ಬಿಯಲ್ಲಿ ‘ಹಾಲ್’ ಎಂದರೆ ಸ್ಥಿತಿ, ಅದರ ಬಹುವಚನ ‘ಅಹವಾಲ್’. ಕನ್ನಡಕ್ಕೆ ಬರುವಾಗ ಅದು ಒಂದೇ ಒಂದು ಮನವಿಯಾಗಿ, ಆಮೇಲೆ ‘ಅಹವಾಲುಗಳು’ ಆಯಿತು. ‘ಇಸ್ಮ್’ ಅಂದರೆ ಹೆಸರು, ‘ಅಸಾಮಿ’ ಹೆಸರುಗಳು. ನಮ್ಮಲ್ಲಿ ಆಸಾಮಿ ಒಬ್ಬನೇ ಮನುಷ್ಯ, ಅದೂ ತುಸು ಗುಮಾನಿಯ ಮನುಷ್ಯ. ‘ನಾಯಿಬ್’ ಎಂಬುದರ ಬಹುವಚನದಿಂದ ಹುಟ್ಟಿದ ನವಾಬ ಏಕವಚನವಾಗಿ, ಮತ್ತೆ ‘ನವಾಬರು’ ಆದ. ಇವು ಮೈಸೂರು, ಧಾರವಾಡಗಳಲ್ಲೂ ಬಳಕೆಯಲ್ಲಿವೆ, ನಿಜ. ಆದರೆ ಉರ್ದು ಕಚೇರಿಯ ನಿತ್ಯದ ಭಾಷೆಯಾಗಿದ್ದ ಕಲ್ಯಾಣದ ಕಡೆಯಲ್ಲೂ ಮೂಲದ ಬಹುವಚನವನ್ನು ಕನ್ನಡ ಲೆಕ್ಕಕ್ಕೆ ಹಿಡಿಯಲಿಲ್ಲ. ಆಡುವವರಿಗೆ ಉರ್ದು ಬಾರದ್ದರಿಂದ ಹೀಗಾಯಿತು ಎನ್ನಲು ಇಲ್ಲಿ ಆಸ್ಪದ ಕಡಿಮೆ.

ಅರಬ್ಬಿಯ ಇಂಥ ಬಹುವಚನ ಪದದ ಹೊಟ್ಟೆಯೊಳಗೇ ಸ್ವರ ಬದಲಿಸಿ ಆಗುವಂಥದು, ಕೇಳಿದವರಿಗೆ ಗೊತ್ತಾಗದು. ಇಂಗ್ಲಿಷಿನ ‘ಸ್’ ಕಣ್ಣಿಗೆ ಕಾಣುತ್ತದಲ್ಲ ಎಂದು ಕೇಳಬಹುದು. ಆಕ್ಷೇಪ ತೂಕದ್ದೇ. ಆದರೆ ಎರವಲು ಪದಗಳ ಹಂಚಿಕೆಯನ್ನು ನೋಡಿ. ಬಸ್ಸು, ಪೆನ್ನು, ಟಿಕೇಟುಗಳು ಒಂಟಿರೂಪದಲ್ಲಿ ಬಂದು ಬಸ್ಸುಗಳು, ಪೆನ್ನುಗಳು ಆದವು. ಜೋಡಿಯಾಗಿ, ಗುಂಪಾಗಿ ಕಿವಿಗೆ ಬಿದ್ದ ಶೂಸು, ಚಿಪ್ಸು, ಮಾರ್ಕ್ಸು, ಪೇರೆಂಟ್ಸುಗಳು ಮಾತ್ರ ‘ಸ್’ ಸಮೇತ ಒಳಬಂದವು. ಉರ್ದುವಿನ ದಾರಿಯಲ್ಲಿ ಬಂದ ಮಾಚಿಸ್ ಕೂಡ ಇಂಗ್ಲಿಷಿನ ‘ಮ್ಯಾಚಿಸ್’ ಎಂಬ ಬಹುವಚನವೇ. ಕಡ್ಡಿ ಯಾವಾಗಲೂ ಪೆಟ್ಟಿಗೆಯಲ್ಲಿ ಗುಂಪಾಗಿಯೇ ಸಿಗುತ್ತದಷ್ಟೆ. ಬರೀ ಅಜ್ಞಾನವಾಗಿದ್ದರೆ ಇಷ್ಟು ಕ್ರಮ ಇರುತ್ತಿರಲಿಲ್ಲ. ನಗುವ ಇಂಗ್ಲಿಷಿನ ಮನೆಯಲ್ಲೂ ಇದೇ ಕಥೆ. ಲ್ಯಾಟಿನ್ ಬಹುವಚನವಾದ ‘ಅಜೆಂಡಾ’ ಅಲ್ಲಿ ಏಕವಚನವಾಗಿ ‘ಅಜೆಂಡಾಸ್’ ಆಗಿದೆ. ಹಳೆಯ ‘ಚಿಲ್ಡ್ರು’ ಎಂಬ ಬಹುವಚನದ ಮೇಲೆ ‘ಎನ್’ ಎಂಬ ಇನ್ನೊಂದು ಬಹುವಚನ ಕೂತು ‘ಚಿಲ್ಡ್ರನ್’ ಆಯಿತು. ಅದನ್ನು ಯಾರೂ ತಪ್ಪೆನ್ನುವುದಿಲ್ಲ.

ಬಹುವಚನದ ಮೇಲೆ ಬಹುವಚನ ಕನ್ನಡದ ಜಾಯಮಾನಕ್ಕೆ ಒಗ್ಗದು ಎಂಬ ಮಾತೂ ನಿಲ್ಲುವುದಿಲ್ಲ. ಕೇಶಿರಾಜ 13ನೆಯ ಶತಮಾನದ ‘ಶಬ್ದಮಣಿದರ್ಪಣ’ದಲ್ಲಿ ಅರ್, ಗಳ್ ಮೊದಲಾದ ಪ್ರತ್ಯಯಗಳನ್ನು ಹೇಳುತ್ತಾನೆ, ಹಳಗನ್ನಡದ ‘ಅವರ್ಗಳ್’ ಎಂಬಲ್ಲಿ ಈ ಎರಡೂ ಒಟ್ಟಿಗಿವೆ. ಹಿಂದಿನ ಕಾಗದಗಳ ವಿಳಾಸದಲ್ಲಿ ಒಬ್ಬರೇ ಹಿರಿಯರಿಗೆ ‘ಅವರ್ಗಳಿಗೆ’ ಎಂದು ಬರೆಯುತ್ತಿದ್ದುದು ಅದರ ಮುಂದುವರಿಕೆ. ಕನ್ನಡದಲ್ಲಿ ವಚನ ಬರೀ ಎಣಿಕೆಯ ಕೆಲಸ ಮಾಡುವುದಿಲ್ಲ. ಎಣಿಕೆ ಹೇಳಿದ ಮೇಲೆ ‘ಗಳು’ ಬೇಡ: ಎರಡು ಎತ್ತು, ಹತ್ತು ಚೀಲ ತೊಗರಿ. ಎಣಿಕೆ ಒಂದೇ ಇದ್ದರೂ ಮರ್ಯಾದೆಗೆ ‘ಅರು’ ಬೇಕು. ಬಸ್ಸಿನಲ್ಲಿ ‘ಒಬ್ರು ಲೇಡೀಸ್ ಇಳೀತಾರ’ ಎಂದರೆ ಇಳಿಯುವವರು ಒಬ್ಬರೇ. ಆದರೆ ಆ ವಾಕ್ಯದಲ್ಲಿ ‘ಒಬ್ರು’ ಬಹುವಚನ, ‘ಲೇಡೀಸ್’ ಬಹುವಚನ, ‘ಇಳೀತಾರ’ವೂ ಬಹುವಚನ.