ಅಂಚೆಯಿಂದ ಮೊಬೈಲಿನವರೆಗೆ: ಬೀರೂರು ಸೀಮೆಯ ದೂರಸಂವಾದ

ಮೈಸೂರು ಸಂಸ್ಥಾನದ ಸಂಪರ್ಕದ ಇತಿಹಾಸದಲ್ಲಿ 1889 ಎರಡು ಕಾರಣಗಳಿಂದ ಮುಖ್ಯವಾದ ವರ್ಷ. ಚಿಕ್ಕದೇವರಾಜ ಒಡೆಯರ ಕಾಲದಿಂದ ನಡೆದುಬಂದಿದ್ದ ಸಂಸ್ಥಾನದ ಸ್ವಂತ ಟಪಾಲು ವ್ಯವಸ್ಥೆಯಾದ ‘ಅಂಚೆ’ ಆ ವರ್ಷ ಬ್ರಿಟಿಷ್ ಇಂಡಿಯಾದ ಇಲಾಖೆಯಲ್ಲಿ ಲೀನವಾಯಿತು. ಅದೇ ವರ್ಷ ರೈಲುಮಾರ್ಗ ಹರಿಹರವನ್ನು ಮುಟ್ಟಿದ್ದರಿಂದ ಕಡೂರು, ಬೀರೂರು, ಅಜ್ಜಂಪುರಗಳಿಗೆ ಹಳಿಯೊಂದಿಗೆ ತಂತಿಕಂಬಗಳೂ ಬಂದವು. 1899ರಲ್ಲಿ ತರೀಕೆರೆಯ ಮೂಲಕ ಶಿವಮೊಗ್ಗಕ್ಕೆ ಕವಲುದಾರಿ ತೆರೆದಾಗ ಬೀರೂರು ಜಂಕ್ಷನ್ ಆಯಿತು.

ಕಾಗದ ಬರೆಯುವುದಕ್ಕೆ ಈ ಸೀಮೆಯಲ್ಲಿಯೂ ಕನ್ನಡ ನಾಡಿನ ಉಳಿದೆಡೆಯಂತೆ ಗೊತ್ತಾದ ಕ್ರಮವಿತ್ತು. ಮೇಲ್ಗಡೆ ‘ಶ್ರೀ’ಕಾರ ಬರೆದು, ತಂದೆಯನ್ನು ‘ತೀರ್ಥರೂಪ’ರೆಂದೂ ತಾಯಿಯನ್ನು ‘ಮಾತೃಶ್ರೀ’ಯವರೆಂದೂ ಸಂಬೋಧಿಸಿ, ಸಾಷ್ಟಾಂಗ ನಮಸ್ಕಾರ ತಿಳಿಸಿ, ‘ಉಭಯ ಕುಶಲೋಪರಿ’, ಅಂದರೆ ಎರಡೂ ಕಡೆಯ ಕ್ಷೇಮದ ಮಾತು ಮುಗಿದ ಮೇಲೆ, ಎಂದು ಹೇಳಿದ ಬಳಿಕವಷ್ಟೇ ಸಾಲದ ಅಥವಾ ಸಂಬಂಧದ ವಿಷಯ ಎತ್ತಲಾಗುತ್ತಿತ್ತು. ಶುಭಪತ್ರದ ಅಂಚಿಗೆ ಅರಿಸಿನ ಕುಂಕುಮ ಹಚ್ಚುವುದು, ಸಾವಿನ ಸುದ್ದಿಯ ಕಾಗದವನ್ನು ಓದಿದೊಡನೆ ಹರಿದುಹಾಕುವುದು ಮುಂತಾದ ರೂಢಿಗಳಿಂದ ಅಕ್ಷರ ಬಾರದವರಿಗೂ ಬಂದ ಸುದ್ದಿ ಯಾವ ಬಗೆಯದೆಂಬುದು ಅರ್ಥವಾಗುತ್ತಿತ್ತು.

ತಂತಿಯು ಈ ಕ್ರಮವನ್ನು ಮುರಿಯಿತು. ಪದಕ್ಕಿಷ್ಟೆಂದು ದರವಿದ್ದುದರಿಂದ ಕುಶಲಪ್ರಶ್ನೆ ದುಬಾರಿಯಾಯಿತು. ಸಂದೇಶ ಹೆಚ್ಚಾಗಿ ಇಂಗ್ಲಿಷಿನಲ್ಲಿ ಹೋಗುತ್ತಿದ್ದುದರಿಂದ ಕನ್ನಡದ ಕ್ರಿಯಾಪದದಲ್ಲಿಯೇ ಅಡಗಿರುವ ಬಹುವಚನದ ಮರ್ಯಾದೆಯೂ ಬಿಟ್ಟುಹೋಗಿ, ಮಗನು ತಂದೆಗೂ ಯಜಮಾನನು ಗುಮಾಸ್ತನಿಗೂ ‘ಕೂಡಲೇ ಹೊರಡುವುದು’ ಎಂಬರ್ಥದ ಒಂದೇ ಮಾತನ್ನು ಕಳಿಸಬೇಕಾಯಿತು. ತುರ್ತಿಗೆ ಮಾತ್ರ ಈ ಸಾಧನವನ್ನು ಬಳಸುತ್ತಿದ್ದ ಮನೆಗಳಲ್ಲಿ ತಂತಿ ಬಂತೆಂದರೆ, ಒಡೆದು ಓದುವ ಮೊದಲೇ ಅಳು ಏಳುತ್ತಿತ್ತು. ಮದುವೆಯ ಹಾರೈಕೆಗಳಿಗಾಗಿ ಇಲಾಖೆ ಸಿದ್ಧವಾಕ್ಯಗಳನ್ನು ರೂಪಿಸಿ ಒಂದೊಂದಕ್ಕೂ ಸಂಖ್ಯೆ ಕೊಟ್ಟಿದ್ದರಿಂದ, ಕಡಿಮೆ ಖರ್ಚಿನಲ್ಲಿ ಉಪಚಾರದ ಮಾತು ಮತ್ತೆ ಸಾಧ್ಯವಾಯಿತು. ಈ ಸೇವೆ 2013ರ ಜುಲೈಯಲ್ಲಿ ದೇಶಾದ್ಯಂತ ನಿಂತಿತು.

ಅಷ್ಟರಲ್ಲಿ ಮೊಬೈಲು ಬಂದಿತ್ತು. ಕನ್ನಡ ಲಿಪಿ ಮೂಡಿಸದ ಮೊದಲಿನ ಫೋನುಗಳಲ್ಲಿ ಜನ ರೋಮನ್ ಅಕ್ಷರಗಳಲ್ಲಿಯೇ ಕನ್ನಡ ಬರೆದರು. ಲಿಪಿ ಪರದೇಶಿಯಾದರೂ ವಾಕ್ಯ ಕನ್ನಡದ್ದಾದ್ದರಿಂದ ‘ಬಾ’ ಮತ್ತು ‘ಬನ್ನಿ’ಗಳ ಅಂತರ ಹಿಂದಿರುಗಿತು. ವಾಟ್ಸಾಪಿನ ಬಂಧುಬಳಗದ ಗುಂಪುಗಳಲ್ಲಿ ಮುಗಿದ ಕೈಗಳ ಚಿತ್ರವು ನಮಸ್ಕಾರದ ಸ್ಥಾನವನ್ನು ಪಡೆಯಿತು.

ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ 1976ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಅರ್ಥದ ಬಹುಭಾಗವನ್ನು ಸಂಬಂಧ ಮತ್ತು ಸನ್ನಿವೇಶಗಳಿಗೆ ಬಿಡುವ ಸಮಾಜಗಳನ್ನು ಎಲ್ಲವನ್ನೂ ಮಾತಿನಲ್ಲೇ ಬಿಡಿಸಿಹೇಳುವ ಸಮಾಜಗಳಿಂದ ಬೇರ್ಪಡಿಸಿದನು. ಹಿರಿಯರಿಗೆ ನೇರವಾಗಿ ‘ಆಗದು’ ಎನ್ನದೆ ‘ನೋಡೋಣ’ ಎಂದು ಬರೆಯುವ ರೂಢಿ ಮೊದಲ ಬಗೆಗೆ ಸೇರುತ್ತದೆ; ಬಲ್ಲವರು ಅದನ್ನು ನಿರಾಕರಣೆಯೆಂದು ಓದಿದರೆ, ಹೊರಗಿನವರು ಭರವಸೆಯೆಂದು ಓದಿಬಿಡಬಹುದು. ಇಂಥ ತಪ್ಪು ತಿಳಿವಳಿಕೆಗೆ ಕಾರಣವನ್ನು ಹೊಸ ಯಂತ್ರಕ್ಕಿಂತ ಹಳೆಯ ಕಾಗದದ ಶಿಷ್ಟಾಚಾರದಲ್ಲಿ ಹುಡುಕುವುದು ಸರಿ: ಸಾಧನವು ಮಾತಿನ ಉದ್ದವನ್ನು ಬದಲಿಸಿತೇ ಹೊರತು, ಯಾರು ಯಾರಿಗೆ ಹೇಗೆ ಹೇಳಬೇಕೆಂಬ ಕಟ್ಟಳೆಯನ್ನಲ್ಲ.