ಸೇಬಿನ ಫ್ರಿಟರ್

ಸೇಬಿನ ಹೋಳನ್ನು ಮೈದಾ, ಹಾಲು, ಮೊಟ್ಟೆ ಕಲಸಿದ ಹಿಟ್ಟಿನಲ್ಲಿ ಅದ್ದಿ ಎಣ್ಣೆಯಲ್ಲಿ ಕರಿದ ಸಿಹಿ ತಿಂಡಿಗೆ ಸೇಬಿನ ಫ್ರಿಟರ್ ಎಂದು ಹೆಸರು. ಯುರೋಪಿನಲ್ಲಿ ಇದು ಮನೆಯ ತಿಂಡಿ, ಅಮೆರಿಕದಲ್ಲಿ ಹೆಚ್ಚಾಗಿ ಡೋನಟ್ ಅಂಗಡಿಯ ತಿಂಡಿ. ಫ್ರಿಟರ್ ಎಂಬ ಇಂಗ್ಲಿಷ್ ಪದ ಹಳೆಯ ಫ್ರೆಂಚಿನಿಂದ ಬಂದದ್ದು. ಅದರ ಬೇರು ಹುರಿ, ಕರಿ ಎಂಬ ಅರ್ಥದ ಲ್ಯಾಟಿನ್ ಧಾತು. ಕನ್ನಡದವರಿಗೆ ಸೇಬಿನ ಬಜ್ಜಿ ಎಂದರೆ ಅರ್ಧ ವಿವರಣೆ ಮುಗಿಯಿತು. ಉಳಿದರ್ಧ ಇರುವುದು ಹಣ್ಣಿನ ನೀರಿನಲ್ಲಿ. ಸೇಬಿನ ತೂಕದಲ್ಲಿ ನೂರಕ್ಕೆ ಸುಮಾರು 85 ಭಾಗ ನೀರು. ಆ ನೀರು ಹೊರಗೆ ಒಸರಿ ಹಿಟ್ಟನ್ನು ತೋಯಿಸಬಾರದು, ಒಳಗೇ ಆವಿಯಾಗಿ ಹಣ್ಣನ್ನು ಬೇಯಿಸಬೇಕು. ಈ ತಿಂಡಿಯ ಕಸುಬೆಲ್ಲ ಇಷ್ಟರಲ್ಲೇ ಇದೆ. ಹಣ್ಣು ಆರಿಸುವುದರಿಂದ ಹಿಡಿದು ಕರಿದದ್ದನ್ನು ಎಲ್ಲಿ ಇಡಬೇಕು ಎಂಬವರೆಗೆ ಎಲ್ಲ ಎಚ್ಚರಿಕೆಯೂ ಈ ನೀರಿನ ಸುತ್ತಲೇ ಸುತ್ತುತ್ತದೆ.

ಒಂದೇ ಹೆಸರಿನಡಿ ಮೂರು ಬೇರೆ ಬೇರೆ ತಿಂಡಿಗಳಿವೆ. ಎಲ್ಲಕ್ಕಿಂತ ಹಳೆಯದು ಬಿಲ್ಲೆ ಫ್ರಿಟರ್. ಸಿಪ್ಪೆಯನ್ನೂ ನಡುವಿನ ಬೀಜದ ಗೂಡನ್ನೂ ತೆಗೆದ ಸೇಬನ್ನು ಅಡ್ಡಲಾಗಿ ಕೊಯ್ದರೆ ಬಳೆಯಂಥ ಬಿಲ್ಲೆಗಳು ಸಿಗುತ್ತವೆ. ಅವನ್ನು ಹಿಟ್ಟಿನಲ್ಲಿ ಅದ್ದಿ ಕರಿಯುತ್ತಾರೆ. ಎರಡನೆಯದರಲ್ಲಿ ಸಣ್ಣಗೆ ಹೆಚ್ಚಿದ ಸೇಬನ್ನು ಗಟ್ಟಿ ಹಿಟ್ಟಿಗೆ ಬೆರೆಸಿ ಚಮಚದಿಂದ ಎಣ್ಣೆಗೆ ಬಿಡುತ್ತಾರೆ. ಹಲಸಿನ ಹಣ್ಣಿನ ಮುಳ್ಕ ಮಾಡಿ ಪಳಗಿದ ಕರಾವಳಿಯ ಕೈಗೆ ಈ ಕ್ರಮ ಹೊಸತಲ್ಲ. ಮೂರನೆಯದು ಅಮೆರಿಕದ್ದು: ಯೀಸ್ಟ್ ಹಾಕಿ ಉಬ್ಬಿಸಿದ ಡೋನಟ್ ಹಿಟ್ಟಿನ ನಡುವೆ ಬೇಯಿಸಿದ ಸೇಬಿನ ತುಣುಕು ಇಟ್ಟು ಕೊಚ್ಚಿ, ಮತ್ತೆ ಮುದ್ದೆಗೂಡಿಸಿ ಕರಿದು, ಸಕ್ಕರೆ ಪಾಕ ಹೊದಿಸಿದ್ದು. ಮನೆಯಲ್ಲಿ ಮೊದಲ ಸಲ ಮಾಡುವವರು ಬಿಲ್ಲೆ ಫ್ರಿಟರ್‌ನಿಂದಲೇ ಶುರುಮಾಡುವುದು ಒಳ್ಳೆಯದು. ಹಣ್ಣಿನ ರುಚಿ ಉಳಿದೆರಡಕ್ಕಿಂತ ಅದರಲ್ಲೇ ನಿಚ್ಚಳವಾಗಿ ಸಿಗುತ್ತದೆ.

ಇತಿಹಾಸ

ಹಿಟ್ಟನ್ನು ಕೊಬ್ಬಿನಲ್ಲಿ ಕರಿದು ಸಿಹಿ ಹಚ್ಚುವ ಪದ್ಧತಿ ಯುರೋಪಿನಲ್ಲಿ ಬಹಳ ಹಳೆಯದು. ಕ್ರಿಸ್ತಪೂರ್ವ 2ನೇ ಶತಮಾನದ ರೋಮನ್ ಲೇಖಕ ಕೇಟೊ ತನ್ನ ಕೃಷಿ ಗ್ರಂಥದಲ್ಲಿ ಗ್ಲೋಬಿ ಎಂಬ ಉಂಡೆಗಳ ವಿಧಾನ ಬರೆದಿದ್ದಾನೆ: ಗಿಣ್ಣು ಮತ್ತು ಧಾನ್ಯದ ನುಚ್ಚು ಕಲಸಿ, ಉಂಡೆ ಕರಿದು, ಜೇನು ಸವರಿ ಗಸಗಸೆ ಉದುರಿಸುವುದು. ಅದರಲ್ಲಿ ಸೇಬು ಇಲ್ಲ. ಸೇಬಿನ ಫ್ರಿಟರ್‌ನ ಸ್ಪಷ್ಟ ವಿಧಾನ ಕಾಣುವುದು ಇಂಗ್ಲೆಂಡಿನ ದೊರೆ 2ನೇ ರಿಚರ್ಡನ ಬಾಣಸಿಗರು ಸುಮಾರು 1390ರಲ್ಲಿ ಸಿದ್ಧಪಡಿಸಿದ ‘ಫಾರ್ಮ್ ಆಫ್ ಕ್ಯೂರಿ’ ಎಂಬ ಪಾಕಗ್ರಂಥದಲ್ಲಿ. ಸೇಬನ್ನೂ ಕೆಲವು ಗೆಡ್ಡೆಗಳನ್ನೂ ಅರೆಬೇಯಿಸಿ, ಹಿಟ್ಟು ಮೊಟ್ಟೆಗಳಿಗೆ ಏಲ್ ಎಂಬ ಬಿಯರ್, ಯೀಸ್ಟ್, ಕೇಸರಿ, ಉಪ್ಪು ಸೇರಿಸಿ ಕಲಸಿದ್ದರಲ್ಲಿ ಅದ್ದಿ ಕರಿದು, ಬಾದಾಮಿ ಹಾಲಿನೊಡನೆ ಬಡಿಸಬೇಕೆಂದು ಅಲ್ಲಿದೆ. ಆರು ನೂರಕ್ಕೂ ಹೆಚ್ಚು ವರ್ಷ ಕಳೆದರೂ ಕ್ರಮದ ಹಂದರ ಬದಲಾಗಿಲ್ಲ. ಇಂದಿಗೂ ಕೆಲವರು ಹಿಟ್ಟಿಗೆ ಬಿಯರ್ ಅಥವಾ ಸೋಡಾ ನೀರು ಸುರಿಯುತ್ತಾರೆ. ಅದರ ಗಾಳಿಗುಳ್ಳೆಗಳಿಂದ ಮೇಲಿನ ಪದರ ಹಗುರಾಗುತ್ತದೆ.

ಕ್ರೈಸ್ತರ 40 ದಿನಗಳ ಲೆಂಟ್ ವ್ರತ ಶುರುವಾಗುವ ಮುನ್ನ ಮನೆಯಲ್ಲಿರುವ ಮೊಟ್ಟೆ, ಕೊಬ್ಬು ಖರ್ಚುಮಾಡುವ ರೂಢಿಯಿಂದಾಗಿ ಕರಿದ ತಿಂಡಿಗಳಿಗೆ ಯುರೋಪಿನಲ್ಲಿ ಒಂದು ಹಬ್ಬದ ಹೊತ್ತು ಸಿಕ್ಕಿತು. ಉಳಿದ ಹೊತ್ತುಗಳು ಊರೂರಿಗೆ ಬೇರೆ. ನೆದರ್ಲೆಂಡ್ಸ್‌ನಲ್ಲಿ ಡಿಸೆಂಬರ್ 31ರ ರಾತ್ರಿ ಓಲಿಬೊಲ್ಲನ್ ಎಂಬ ಕರಿದ ಉಂಡೆಗಳ ಜತೆಗೆ ಸೇಬಿನ ಬಿಲ್ಲೆಗಳೂ ಬಾಣಲೆಗೆ ಬೀಳುತ್ತವೆ. ದಕ್ಷಿಣ ಜರ್ಮನಿಯ ಸ್ವಾಬಿಯಾ, ಬವೇರಿಯಾಗಳಲ್ಲಿ ಇದೇ ಬಿಲ್ಲೆ ಆಪ್ಫೆಲ್‌ಕ್ಯೂಖ್ಲೆ ಎನಿಸಿಕೊಂಡು ದಾಲ್ಚಿನ್ನಿ ಸಕ್ಕರೆಯಲ್ಲಿ ಹೊರಳಿ, ವೆನಿಲ್ಲಾ ಸಾಸ್ ಜತೆಗೆ ತಟ್ಟೆಗೆ ಬರುತ್ತದೆ. ಇಟಲಿಯಲ್ಲಿ ಇದು ಫ್ರಿತ್ತೆಲ್ಲೆ. ಪೋಲೆಂಡಿನ ಯೀಸ್ಟ್ ಹಿಟ್ಟಿನ ರಾಟ್ಸುಖಿಯನ್ನು ಕಡಿಮೆ ಎಣ್ಣೆಯಲ್ಲಿ ದಪ್ಪ ದೋಸೆಯಂತೆ ಬೇಯಿಸುತ್ತಾರೆ.

ಡೆನ್ಮಾರ್ಕಿನ ಎಬ್ಲೆಸ್ಕೀವರ್ ಬಗ್ಗೆ ಎರಡು ಮಾತು ಹೆಚ್ಚಾಗಿ ಹೇಳಬೇಕು. ಈ ಪದಕ್ಕೆ ಸೇಬಿನ ಬಿಲ್ಲೆ ಎಂದೇ ಅರ್ಥ, ಆದರೆ ಈಗಿನ ಎಬ್ಲೆಸ್ಕೀವರ್‌ನಲ್ಲಿ ಸಾಮಾನ್ಯವಾಗಿ ಸೇಬು ಇರುವುದಿಲ್ಲ. ಅರ್ಧಗೋಲದ ಗುಳಿಗಳಿರುವ ಎರಕದ ಕಬ್ಬಿಣದ ಕಾವಲಿಯಲ್ಲಿ ಹಿಟ್ಟು ಹೊಯ್ದು, ಒಂದು ಮಗ್ಗುಲು ಬೆಂದ ಮೇಲೆ ಹೆಣಿಗೆಯ ಸೂಜಿಯಂಥ ಕಡ್ಡಿಯಿಂದ ತಿರುವಿ ಹಾಕುತ್ತಾರೆ. ಗುಳಿಯಪ್ಪ, ಪಡ್ಡು ಮಾಡುವ ಮನೆಯವರಿಗೆ ಆ ಕಾವಲಿಯೂ ಆ ಕೈಚಳಕವೂ ನೋಡಿದೊಡನೆ ಗುರುತು ಸಿಗುತ್ತವೆ. ಪಡ್ಡಿನ ಕಾವಲಿ ಇರುವವರು ಎರಡನೆಯ ಬಗೆಯ ಫ್ರಿಟರ್ ಹಿಟ್ಟನ್ನು ಅದರಲ್ಲೇ ಹೊಯ್ಯಬಹುದು. ಗುಳಿಗೆ ಅರ್ಧ ಚಮಚ ತುಪ್ಪ ಸಾಕು.

ಉತ್ತರ ಚೀನಾದ ಬಾಸಿ ಪಿಂಗ್‌ಗುವೊ ಇದೇ ಬಳಗದ್ದು. ಹಿಟ್ಟಿನಲ್ಲಿ ಅದ್ದಿ ಕರಿದ ಸೇಬಿನ ಹೋಳನ್ನು ಕಂದು ಸಕ್ಕರೆ ಪಾಕದಲ್ಲಿ ಹೊರಳಿಸುತ್ತಾರೆ. ತಿನ್ನುವವರು ಒಂದೊಂದೇ ಹೋಳನ್ನು ಎಳೆದಾಗ ಪಾಕ ರೇಷ್ಮೆಯಂತೆ ನೂಲುಬಿಡುತ್ತದೆ. ಅದನ್ನು ತಣ್ಣೀರಿನಲ್ಲಿ ಅದ್ದಿದರೆ ಪಾಕ ಗಾಜಿನಂತೆ ಬಿರುಸಾಗುತ್ತದೆ.

ಹಣ್ಣಿನ ಆಯ್ಕೆ

ಫ್ರಿಟರ್‌ಗೆ ಬೇಕಾದದ್ದು ಗಟ್ಟಿಯಾದ, ಹುಳಿ ಇರುವ ಸೇಬು. ಗಟ್ಟಿತನವಿದ್ದರೆ ಬಿಲ್ಲೆ ಎಣ್ಣೆಯಲ್ಲಿ ಕರಗಿ ಹೋಗುವುದಿಲ್ಲ. ಹುಳಿ ಇದ್ದರೆ ಎಣ್ಣೆ, ಸಕ್ಕರೆಗಳ ಭಾರ ನಾಲಿಗೆಗೆ ತಟ್ಟುವುದಿಲ್ಲ. ಆಸ್ಟ್ರೇಲಿಯಾದ ಸಿಡ್ನಿಯ ಹತ್ತಿರ 1868ರ ಸುಮಾರಿಗೆ ಮರಿಯಾ ಆನ್ ಸ್ಮಿತ್ ಎಂಬಾಕೆಯ ತೋಟದಲ್ಲಿ ಬೆಳಕಿಗೆ ಬಂದ ಹಸಿರು ಗ್ರ್ಯಾನಿ ಸ್ಮಿತ್‌ನಲ್ಲಿ ಈ ಎರಡೂ ಗುಣಗಳಿವೆ. ಡಚ್ಚರಿಗೂ ಜರ್ಮನರಿಗೂ ಒರಟು ಸಿಪ್ಪೆಯ ಬೊಸ್ಕೋಪ್ ಸೇಬಿನ ಮೇಲೆ ಒಲವು. ಇಂಗ್ಲೆಂಡಿನ ಹೆಸರಾಂತ ಅಡುಗೆ ಸೇಬು ಬ್ರ್ಯಾಮ್ಲಿಗೆ ಹುಳಿ ಧಾರಾಳ, ಆದರೆ ಬೆಂದರೆ ನೊರೆಯಂತೆ ಅರಳಿ ಆಕಾರ ಕಳೆದುಕೊಳ್ಳುತ್ತದೆ. ಅದನ್ನು ಚಟಪಟನೆ ಕರಿಯಬೇಕು.

ಭಾರತದ ಪೇಟೆಗಳಲ್ಲಿ ಹೆಚ್ಚಾಗಿ ಕಾಣುವುದು ಕೆಂಪು ಡೆಲಿಶಿಯಸ್ ಜಾತಿ. ಅಮೆರಿಕದಿಂದ ಬಂದು ಶಿಮ್ಲಾ ಸೀಮೆಯ ಕೋಟ್‌ಗಢದಲ್ಲಿ ನೆಲೆಸಿದ ಸ್ಯಾಮುಯೆಲ್ ಸ್ಟೋಕ್ಸ್ (ಮುಂದೆ ಸತ್ಯಾನಂದ ಸ್ಟೋಕ್ಸ್) 1916ರಲ್ಲಿ ಈ ಬಗೆಯ ಸಸಿ ತಂದು ನೆಟ್ಟ ಮೇಲೆ ಹಿಮಾಚಲದ ಬೆಟ್ಟಗಳ ಬದುಕೇ ಬದಲಾಯಿತು. ತಿನ್ನಲು ಒಳ್ಳೆಯ ಹಣ್ಣು. ಫ್ರಿಟರ್‌ಗೆ ಮಾತ್ರ ಅದರ ಸಿಹಿ ಹೆಚ್ಚು, ಹುಳಿ ಕಡಿಮೆ. ಬಹಳ ದಿನ ಶೈತ್ಯಾಗಾರದಲ್ಲಿ ಕಳೆದ ಹಣ್ಣಾದರೆ ತಿರುಳು ಹಿಟ್ಟುಹಿಟ್ಟಾಗಿರುತ್ತದೆ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಹೊಸ ಹಣ್ಣು ಬರುವಾಗ ಕೊಂಡು, ಬಿಲ್ಲೆಗೆ ನಿಂಬೆರಸ ಸವರಿದರೆ ಕೊರತೆ ಬಹುಪಾಲು ನೀಗುತ್ತದೆ. ಆರಿಸುವಾಗ ಹೆಬ್ಬೆರಳಿನಿಂದ ತೊಟ್ಟಿನ ಹತ್ತಿರ ಒತ್ತಿ ನೋಡಬೇಕು. ತಗ್ಗಿದರೆ ಅದು ಫ್ರಿಟರ್‌ನ ಹಣ್ಣಲ್ಲ.

ನಿಂಬೆರಸಕ್ಕೆ ಇನ್ನೊಂದು ಕೆಲಸವೂ ಇದೆ. ಕೊಯ್ದ ಸೇಬು ಕಂದಾಗುವುದು ಅದರೊಳಗಿನ ಕಿಣ್ವವೊಂದು ಗಾಳಿಯ ಆಮ್ಲಜನಕದ ನೆರವಿನಿಂದ ಹಣ್ಣಿನ ಫೀನಾಲ್‌ಗಳನ್ನು ಬದಲಿಸುವುದರಿಂದ. ಹುಳಿ ತಗುಲಿದರೆ ಆ ಕಿಣ್ವ ಮಂಕಾಗುತ್ತದೆ. ಸಕ್ಕರೆಯನ್ನು ಮಾತ್ರ ಹೋಳಿಗೆ ಮುಂಚಿತವಾಗಿ ಬೆರೆಸಬಾರದು. ಉಪ್ಪು ಸವರಿದ ಹಾಗಲಕಾಯಿ ನೀರು ಬಿಡುವಂತೆ ಸಕ್ಕರೆ ಸವರಿದ ಸೇಬೂ ಹತ್ತು ನಿಮಿಷದಲ್ಲಿ ನೀರಾಡುತ್ತದೆ, ಆಮೇಲೆ ಅದರ ಮೇಲೆ ಹಿಟ್ಟು ನಿಲ್ಲುವುದಿಲ್ಲ.

ಹಿಟ್ಟು

ಮೂರು ಮಧ್ಯಮ ಗಾತ್ರದ ಸೇಬಿಗೆ 125 ಗ್ರಾಂ ಮೈದಾ, ಒಂದು ಚಿಕ್ಕ ಚಮಚ ಬೇಕಿಂಗ್ ಪೌಡರ್, ಒಂದು ದೊಡ್ಡ ಚಮಚ ಸಕ್ಕರೆ, ಒಂದು ಚಿಟಿಕೆ ಉಪ್ಪು, ಒಂದು ಮೊಟ್ಟೆ, 120ರಿಂದ 150 ಮಿಲಿಲೀಟರ್ ತಣ್ಣನೆಯ ಹಾಲು ಸಾಕು. ಹೊರಳಿಸಲು 50 ಗ್ರಾಂ ಸಕ್ಕರೆ ಪುಡಿಗೆ ಒಂದು ಚಮಚ ದಾಲ್ಚಿನ್ನಿ ಪುಡಿ. ಚಕ್ಕೆಯನ್ನು ಆಗಿಂದಾಗ ಕುಟ್ಟಿಕೊಂಡರೆ ಘಮವೇ ಬೇರೆ. ಹಿಟ್ಟಿನ ಹದ ದೋಸೆ ಹಿಟ್ಟಿಗಿಂತ ತುಸು ಗಟ್ಟಿ ಇರಬೇಕು. ಬೆರಳು ಅದ್ದಿ ಎತ್ತಿದರೆ ಚರ್ಮ ಕಾಣದಂತೆ ಅಂಟಿಕೊಂಡು, ತುದಿಯಿಂದ ನಿಧಾನವಾಗಿ ಒಂದೊಂದೇ ಹನಿ ಬೀಳಬೇಕು. ಸಣ್ಣ ಗಂಟುಗಳು ಉಳಿದರೆ ಚಿಂತೆಯಿಲ್ಲ. ಹೆಚ್ಚು ಕಡೆದಷ್ಟೂ ಮೈದಾದ ಗ್ಲುಟನ್ ಬಿಗಿದು, ಕರಿದ ಪದರ ಚರ್ಮದಂತೆ ನಾರಾಗುತ್ತದೆ. ಹಿಟ್ಟಿನಲ್ಲಿ ಸಕ್ಕರೆ ಹೆಚ್ಚಾದರೆ ಒಳಗಿನ ಹಣ್ಣು ಬೇಯುವ ಮೊದಲೇ ಹೊರಗೆ ಕಪ್ಪಾಗುತ್ತದೆ. ಅಡುಗೆ ಸೋಡಾ ಹೆಚ್ಚಾದರೆ ಎಣ್ಣೆ ಕುಡಿಯುತ್ತದೆ. ಬೋಂಡ ಮಾಡುವವರಿಗೆಲ್ಲ ಗೊತ್ತಿರುವ ಮಾತು.

ಮೊಟ್ಟೆ ತಿನ್ನದ ಮನೆಗಳಲ್ಲಿ 100 ಗ್ರಾಂ ಮೈದಾಕ್ಕೆ 25 ಗ್ರಾಂ ಅಕ್ಕಿಹಿಟ್ಟು, ಕಾಲು ಬಟ್ಟಲು ಹುಳಿ ಮೊಸರು, ಕಾಲು ಚಿಕ್ಕ ಚಮಚ ಸೋಡಾ, ಬೇಕಾದಷ್ಟು ಹಾಲು ಹಾಕಿ ಕಲಸಬಹುದು. ಮೊಸರಿನ ಹುಳಿಯೂ ಸೋಡಾವೂ ಕೂಡಿ ಗಾಳಿ ಹುಟ್ಟಿಸುತ್ತವೆ, ಅಕ್ಕಿಹಿಟ್ಟು ಗರಿಗರಿ ಕೊಡುತ್ತದೆ. ಇದರ ಪದರ ಮೊಟ್ಟೆಯದಕ್ಕಿಂತ ಬಿರುಸು, ಬಣ್ಣ ತುಸು ಪೇಲವ. ರುಚಿಯಲ್ಲಿ ಏನೂ ಕಡಿಮೆಯಿಲ್ಲ.

ಕರಿಯುವ ಹದ

ಬಾಣಲೆಯಲ್ಲಿ ಎರಡು ಇಂಚಿನಷ್ಟು ಶೇಂಗಾ ಎಣ್ಣೆ ಅಥವಾ ಸೂರ್ಯಕಾಂತಿ ಎಣ್ಣೆ ಇರಲಿ. ತೆಂಗಿನೆಣ್ಣೆಯ ವಾಸನೆ ಸೇಬನ್ನು ಮುಚ್ಚಿಹಾಕುತ್ತದೆ. ಕಾವು 175ರಿಂದ 180 ಡಿಗ್ರಿ ಸೆಲ್ಸಿಯಸ್ ಇರಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ಬಜ್ಜಿಗೆ ನೋಡುವಂತೆಯೇ ಒಂದು ಹನಿ ಹಿಟ್ಟು ಬಿಟ್ಟು ನೋಡುವುದು. ತಳದಲ್ಲೇ ಕೂತರೆ ಎಣ್ಣೆ ಕಾದಿಲ್ಲ. ಬಿಟ್ಟ ಕ್ಷಣವೇ ಕಂದಾದರೆ ಮಿತಿಮೀರಿ ಕಾದಿದೆ. ಅರ್ಧ ಇಳಿದು, ಸುತ್ತ ಗುಳ್ಳೆ ಕಟ್ಟಿಕೊಂಡು ಮೇಲೇಳಬೇಕು.

ಬಿಲ್ಲೆಯ ದಪ್ಪ ಸುಮಾರು 8 ಮಿಲಿಮೀಟರ್. ತೆಳುವಾದರೆ ಹಿಟ್ಟಿನ ರುಚಿ ಮಾತ್ರ ಉಳಿಯುತ್ತದೆ, ಸೆಂಟಿಮೀಟರಿಗಿಂತ ದಪ್ಪವಾದರೆ ನಡು ಹಸಿಯಾಗೇ ಉಳಿಯುತ್ತದೆ. ಈಗ ಬರುವುದು ಅನೇಕರು ಬಿಟ್ಟುಬಿಡುವ ಹಂತ: ಬಿಲ್ಲೆಯನ್ನು ಬಟ್ಟೆಯಿಂದ ಒತ್ತಿ ಒರಸಿ, ಎರಡೂ ಮಗ್ಗುಲಿಗೆ ಒಣ ಮೈದಾ ಸವರಿ, ಹೆಚ್ಚಾದದ್ದನ್ನು ಕೊಡವಬೇಕು. ಒದ್ದೆ ಮೈಗೆ ಹಿಟ್ಟು ಹಿಡಿಯುವುದಿಲ್ಲ. ಕರಿಯುವಾಗ ಪದರ ಒಂದು ಕಡೆ, ಹಣ್ಣು ಒಂದು ಕಡೆ ಆಗುತ್ತದೆ. ಆಮೇಲೆ ನಡುವಿನ ತೂತಿಗೆ ಫೋರ್ಕ್ ಅಥವಾ ಚಮಚದ ಹಿಡಿ ತೂರಿಸಿ ಹಿಟ್ಟಿನಲ್ಲಿ ಅದ್ದಿ, ಎತ್ತಿ, ಹನಿ ಸೋರಲು ಬಿಟ್ಟು, ಎಣ್ಣೆಯ ಅಂಚಿನಿಂದ ಮೆಲ್ಲಗೆ ಜಾರಿಸುವುದು. ಒಂದು ಸಲಕ್ಕೆ ಮೂರು, ಹೆಚ್ಚೆಂದರೆ ನಾಲ್ಕು. ತುಂಬಿದರೆ ಕಾವು ಇಳಿಯುತ್ತದೆ.

ಇಲ್ಲಿಂದ ಮುಂದೆ ಕಿವಿಯ ಕೆಲಸ. ಬಿಲ್ಲೆ ಬಿದ್ದೊಡನೆ ಚುಂಯ್ ಎಂಬ ದೊಡ್ಡ ಸದ್ದು. ಅಂಚಿನಲ್ಲೂ ನಡುವಿನ ತೂತಿನಲ್ಲೂ ದೊಡ್ಡ ಗುಳ್ಳೆಗಳು ನುಗ್ಗಿ ಏಳುತ್ತವೆ. ಹಿಟ್ಟಿನ ನೀರು ಆವಿಯಾಗಿ ಹೊರಡುತ್ತಿರುವ ಸದ್ದು ಅದು. ಆವಿ ಹೊರಕ್ಕೆ ತಳ್ಳುತ್ತಿರುವಷ್ಟು ಹೊತ್ತು ಎಣ್ಣೆಗೆ ಒಳಗೆ ದಾರಿಯಿಲ್ಲ. ಒಂದೂವರೆ ಎರಡು ನಿಮಿಷಕ್ಕೆ ಗುಳ್ಳೆಗಳು ಸಣ್ಣಗಾಗಿ ಸದ್ದು ತೆಳುವಾಗುತ್ತದೆ, ಅಂಚು ಹೊಂಬಣ್ಣಕ್ಕೆ ತಿರುಗಿರುತ್ತದೆ. ಆಗ ಒಂದೇ ಒಂದು ಸಲ ಮಗುಚಬೇಕು. ಎರಡನೆಯ ಮಗ್ಗುಲಿಗೂ ಅಷ್ಟೇ ಹೊತ್ತು. ಒಳಗೆ ಹಣ್ಣು ತನ್ನದೇ ನೀರಿನ ಹಬೆಯಲ್ಲಿ ಇಡ್ಲಿಯ ಹಾಗೆ ಬೆಂದಿರುತ್ತದೆ. ಕಡ್ಡಿ ಚುಚ್ಚಿದರೆ ತಡೆಯಿಲ್ಲದೆ ಇಳಿಯಬೇಕು.

ಎತ್ತಿದ ಮೇಲಿನ ಅರ್ಧ ನಿಮಿಷಕ್ಕೂ ಅಷ್ಟೇ ಬೆಲೆ. ಬಾಣಲೆಯಿಂದ ಹೊರಬಂದ ತಿಂಡಿ ತಣಿಯತೊಡಗಿದಂತೆ ಒಳಗಿನ ಆವಿ ಕುಗ್ಗುತ್ತದೆ, ಮೇಲ್ಮೈಯಲ್ಲಿ ಅಂಟಿದ ಎಣ್ಣೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಕರಿದ ತಿಂಡಿಗಳು ಹೀರುವ ಎಣ್ಣೆಯಲ್ಲಿ ದೊಡ್ಡ ಪಾಲು ಹೀಗೆ ಒಲೆಯಿಂದಾಚೆ ಸೇರಿದ್ದು. ಆದ್ದರಿಂದ ಜಾಲರಿ ಸೌಟಿನಲ್ಲಿ ಬಾಣಲೆಯ ಮೇಲೆಯೇ ಎರಡು ಮೂರು ಸಲ ಕೊಡವಿ, ತಂತಿ ಜಾಲರಿಯ ಮೇಲೆ ಇಡಬೇಕು. ಕಾಗದದ ಮೇಲೆ ಚಪ್ಪಟೆಯಾಗಿ ಹರವಿದರೆ ಅಡಿಯಲ್ಲಿ ಹಬೆ ಸಿಕ್ಕಿಕೊಂಡು ಮೆತ್ತಗಾಗುತ್ತದೆ. ಬಿಸಿ ಇರುವಾಗಲೇ ದಾಲ್ಚಿನ್ನಿ ಸಕ್ಕರೆಯಲ್ಲಿ ಹೊರಳಿಸಿದರೆ ಅದು ಕಚ್ಚಿಕೊಳ್ಳುತ್ತದೆ. ಆರಿದ ಮೇಲೆ ಉದುರಿಹೋಗುತ್ತದೆ.

ಎಣ್ಣೆಗೆ ಬೆಂಕಿ ಹತ್ತಿದರೆ ಒಲೆ ಆರಿಸಿ ಬಾಣಲೆಗೆ ಮುಚ್ಚಳ ಮುಚ್ಚಬೇಕು, ನೀರು ಎರಚಲೇಬಾರದು. ಉಳಿದ ಎಣ್ಣೆಯಲ್ಲಿ ಹಿಟ್ಟಿನ ಚೂರು, ಸಕ್ಕರೆ ಸೇರಿರುವುದರಿಂದ ಅದು ಬೇಗ ಕೆಡುತ್ತದೆ, ಸೋಸಿ ಬೇಗನೆ ಬಳಸಿ ಮುಗಿಸುವುದು ಒಳ್ಳೆಯದು. ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಹುಟ್ಟುವ ಧ್ರುವೀಯ ಸಂಯುಕ್ತಗಳು ನೂರಕ್ಕೆ 25 ಮೀರಿದರೆ ಆ ಎಣ್ಣೆ ಬಳಸಬಾರದೆಂಬ ನಿಯಮವನ್ನು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ 2018ರ ಜುಲೈ 1ರಿಂದ ಜಾರಿಗೆ ತಂದಿದೆ.

ಉಳಿದೆರಡು ಬಗೆ

ಬೆರೆಸಿ ಕರಿಯುವ ಬಗೆಗೆ ಅದೇ ಹಿಟ್ಟನ್ನು ಹಾಲು ತಗ್ಗಿಸಿ ಗಟ್ಟಿಯಾಗಿ ಕಲಸಬೇಕು. ಸೇಬನ್ನು ಕಡಲೆಕಾಳಿನ ಗಾತ್ರಕ್ಕೆ ಹೆಚ್ಚಿ, ಎಣ್ಣೆ ಕಾದ ಮೇಲೆಯೇ ಬೆರೆಸಬೇಕು. ತುರಿದು ಹಾಕುವವರು ಮೊದಲು ತುರಿಯನ್ನು ಹಿಂಡಿಕೊಳ್ಳಬೇಕು. ಇದರ ಕಾವು ತುಸು ಕಡಿಮೆ, 170 ಡಿಗ್ರಿಯ ಆಸುಪಾಸು. ಉಂಡೆಯ ನಡುವಿನ ಹಿಟ್ಟು ಬೇಯಲು ಹೊತ್ತು ಬೇಕು.

ಅಮೆರಿಕದ ಬಗೆಯಲ್ಲಿ ಸೇಬಿನ ತುಣುಕನ್ನು ಬೆಣ್ಣೆ, ಸಕ್ಕರೆ, ದಾಲ್ಚಿನ್ನಿಯೊಡನೆ ಬಾಡಿಸಿ, ನೀರಿಂಗಿಸಿ, ಪೂರ್ತಿ ಆರಿಸಬೇಕು. ಒದ್ದೆ ಉಳಿದರೆ ನಾದಿದ ಹಿಟ್ಟು ಅಲ್ಲಲ್ಲಿ ಬಿರಿದು ತುಣುಕುಗಳು ಎಣ್ಣೆಗೆ ಬಿದ್ದು ಸೀಯುತ್ತವೆ. ಕೊಚ್ಚಿ ಕೂಡಿಸಿದ ಮುದ್ದೆಯನ್ನು ಮತ್ತೆ ಅರ್ಧ ಗಂಟೆ ಉಬ್ಬಲು ಬಿಟ್ಟು ಕರಿಯುತ್ತಾರೆ. ಅದರ ಉಬ್ಬುತಗ್ಗಿನ ಮೈಯ ಸಂದುಗಳಲ್ಲಿ ಪಾಕ ನಿಂತು ಗಟ್ಟಿಯಾಗುವುದೇ ಅದರ ಸೊಗಸು. ಮಂಗಳೂರು ಬನ್ಸ್‌ನಲ್ಲಿ ಬಾಳೆಹಣ್ಣನ್ನು ಮೈದಾದ ಜತೆ ನಾದುವುದು ಹೆಚ್ಚುಕಡಿಮೆ ಇದೇ ದಾರಿಯ ಕೆಲಸ, ಯೀಸ್ಟಿನ ಜಾಗದಲ್ಲಿ ಅಲ್ಲಿ ಮೊಸರು, ಸೋಡಾ ಇವೆ.

ಬಿಲ್ಲೆ ಫ್ರಿಟರ್ ಕೂಡಿಡುವ ತಿಂಡಿಯಲ್ಲ. ಒಂದು ಗಂಟೆ ಕಳೆದರೆ ಹಣ್ಣಿನ ನೀರು ಪದರಕ್ಕೆ ಇಳಿಯುತ್ತದೆ. ಮಿಕ್ಕಿದ್ದನ್ನು 180 ಡಿಗ್ರಿ ಕಾವಿನ ಓವನ್‌ನಲ್ಲಿ ಐದಾರು ನಿಮಿಷ ಇಟ್ಟರೆ ಗರಿ ಸ್ವಲ್ಪ ಮರಳುತ್ತದೆ. ಮೈಕ್ರೊವೇವ್‌ನಲ್ಲಿ ಇನ್ನಷ್ಟು ತೊಯ್ಯುತ್ತದೆ. ಬಡಿಸುವವರು ಮಕ್ಕಳ ತಟ್ಟೆಗೆ ಹಾಕುವಾಗ ಬಿಲ್ಲೆಯನ್ನು ಎರಡಾಗಿ ಮುರಿದು ಹಬೆ ಹೋಗಲು ಬಿಡಬೇಕು. ಹೊರಗಿನ ಪದರ ಕೈಗೆ ಹಿಡಿಯುವಷ್ಟು ಆರಿದ್ದರೂ ಒಳಗಿನ ಸೇಬು ಇನ್ನೂ ನಾಲಿಗೆ ಸುಡುವಷ್ಟು ಬಿಸಿ ಇರುತ್ತದೆ.