ಗಿಡಗಳ ಬಳಗ ಗುರುತಿಸಿದ ಕಥೆ



ರಾಗಿ ಹೊಲದಲ್ಲಿ ಕಳೆ ಹೆಚ್ಚಿದೆ ಅನ್ನಿ. 2,4-ಡಿ ಎಂಬ ಕಳೆನಾಶಕವನ್ನು ಹದವರಿತು ಸಿಂಪಡಿಸಿದರೆ ಅಗಲ ಎಲೆಯ ಕಳೆ ಸಾಯುತ್ತದೆ, ರಾಗಿ ಉಳಿಯುತ್ತದೆ. ಆದರೆ ಅಕ್ಕಡಿ ಸಾಲಿನಲ್ಲಿರುವ ಅವರೆ, ತೊಗರಿಯ ಗತಿ ಏನು? ಅವೂ ಕಳೆಯ ಸಂಗಡವೇ ಮುರುಟಿಹೋಗುತ್ತವೆ. ಬೆಳೆ ಯಾವುದು, ಕಳೆ ಯಾವುದು ಎಂದು ಔಷಧಕ್ಕೆ ತಿಳಿಯದು. ಗಿಡ ಯಾವ ಬಳಗದ್ದು ಎಂಬುದರ ಮೇಲೆ ಅದರ ಕೆಲಸ ನಡೆಯುತ್ತದೆ. ಈ ಬಳಗಗಳನ್ನು ಜನ ಹೇಗೆ ಕಂಡುಕೊಂಡರು? ಆ ಕಥೆಯನ್ನು ಈ ಹೊತ್ತು ತಿಳಿಯೋಣ.

ಕ್ರಿಸ್ತಪೂರ್ವ 300ರ ಸುಮಾರಿಗೆ ಗ್ರೀಸ್ ದೇಶದಲ್ಲಿ ಥಿಯೊಫ್ರಾಸ್ಟಸ್ ಎಂಬ ಪಂಡಿತನಿದ್ದ. ಅವನು ಗಿಡಗಳನ್ನು ಮರ, ಪೊದೆ, ಕಿರುಪೊದೆ, ಮೂಲಿಕೆ ಎಂದು ನಾಲ್ಕು ಬಗೆ ಮಾಡಿದ. ಕಣ್ಣಿಗೆ ಕಂಡ ಆಕಾರವೇ ಅಳತೆಗೋಲು. ನಾವೂ ಹಾಗೆಯೇ ಅಲ್ಲವೆ, ತೆಂಗು ಒಂದು ಮರ, ಮಾವು ಒಂದು ಮರ ಅಂತೀವಿ. ಬಹುಕಾಲ ಈ ಲೆಕ್ಕವೇ ನಡೆಯಿತು.

ಆಕಾರದ ಜೊತೆಗೆ ಬೀಜದ ಕಡೆಗೂ ಗಮನ ಕೊಟ್ಟವರಲ್ಲಿ ಇಂಗ್ಲೆಂಡಿನ ಜಾನ್ ರೇ ಒಬ್ಬ. 1682ರಲ್ಲಿ ಅವನು ಮೊಳಕೆಯ ಎಲೆಗಳ ಭೇದವನ್ನು ಪುಸ್ತಕದಲ್ಲಿ ವಿವರಿಸಿದ. ನಮ್ಮ ಅಡಿಗೆಮನೆಯಲ್ಲಿ ಇದು ಹೊಸದಲ್ಲ. ನೆನೆಸಿದ ಅವರೆಕಾಳನ್ನು ಹಿಸುಕಿದರೆ ಸಿಪ್ಪೆ ಕಳಚಿ ಎರಡು ಬೇಳೆ ಬರುತ್ತದೆ. ಆ ಬೇಳೆಗಳೇ ಗಿಡದ ಮೊದಲ ಎರಡು ಎಲೆ. ಜೋಳದ ಕಾಳನ್ನು ಎಷ್ಟು ಹಿಸುಕಿದರೂ ಎರಡು ಬೇಳೆ ಬರದು. ಅದು ಏಕದಳ, ಅವರೆ ದ್ವಿದಳ. ಹತ್ತಿ, ಮೆಣಸಿನಕಾಯಿ, ಮಾವು ಸಹ ದ್ವಿದಳವೇ. ತೆಂಗು, ಅಡಿಕೆ, ಬಾಳೆ ಎಷ್ಟೇ ಎತ್ತರ ಬೆಳೆಯಲಿ, ಅವು ರಾಗಿ, ಭತ್ತದ ಕಡೆಯವು. ಬೀಜ ಇಲ್ಲದಿದ್ದರೆ ಎಲೆ ನೋಡಿ: ರಾಗಿಯ ಎಲೆಯಲ್ಲಿ ನರಗಳು ಸಾಲುಸಾಲಾಗಿ ಓಡುತ್ತವೆ, ಅವರೆಯ ಎಲೆಯಲ್ಲಿ ಬಲೆಯಂತೆ ಹರಡುತ್ತವೆ.

ಮುಂದೆ ಸ್ವೀಡನ್ನಿನ ಲಿನೇಯಸ್ ಬಂದ. 1735ರಲ್ಲಿ ಅವನು ಹೂವಿನ ಕೇಸರಗಳನ್ನು ಎಣಿಸಿ ಗಿಡಗಳನ್ನು 24 ವರ್ಗ ಮಾಡಿದ. ಲೆಕ್ಕ ಸುಲಭ, ಆದರೆ ಸಂಬಂಧ ಕೆಟ್ಟಿತು. ಗೋಧಿ, ಕಬ್ಬುಗಳಿಗೆ 3 ಕೇಸರ, ಭತ್ತಕ್ಕೆ 6. ಹೀಗಾಗಿ ಭತ್ತ ತನ್ನ ಅಣ್ಣತಮ್ಮಂದಿರನ್ನು ಬಿಟ್ಟು ಈರುಳ್ಳಿಯ ವರ್ಗಕ್ಕೆ ಸೇರಿತು! ಆದರೂ 1753ರಲ್ಲಿ ಅವನು ಪ್ರತಿ ಗಿಡಕ್ಕೂ ಕೊಟ್ಟ ಎರಡು ಪದದ ಹೆಸರಿನ ಪದ್ಧತಿ ಇಂದಿಗೂ ಉಳಿದಿದೆ.

ಒಂದೇ ಗುರುತನ್ನು ನಂಬಬಾರದು, ಬೀಜ, ಹೂವು, ಕಾಯಿ ಎಲ್ಲವನ್ನೂ ಕೂಡಿಸಿ ನೋಡಬೇಕು ಎಂದು 1789ರಲ್ಲಿ ಫ್ರಾನ್ಸಿನ ಜುಸ್ಸಿಯು ತೋರಿಸಿಕೊಟ್ಟ. ಅವನು ಗಿಡಗಳನ್ನು 100 ಕುಟುಂಬಗಳಾಗಿ ಬರೆದ. 1862ರಿಂದ 1883ರವರೆಗೆ ಇಂಗ್ಲೆಂಡಿನ ಬೆಂಥಮ್ ಮತ್ತು ಹೂಕರ್ ಈ ದಾರಿಯನ್ನೇ ವಿಸ್ತರಿಸಿದರು.

ಹೂ ಬಿಡದ ಗುಂಪುಗಳೂ ಉಂಟು. ಗೋಡೆಯ ಹಾವಸೆಗೂ ಮಲೆನಾಡಿನ ಜರಿಗಿಡಕ್ಕೂ ಬೀಜವೇ ಇಲ್ಲ. ಪೈನ್, ದೇವದಾರು ಮರಗಳಿಗೆ ಬೀಜವಿದೆ, ಅದನ್ನು ಮುಚ್ಚುವ ಕಾಯಿ ಇಲ್ಲ. ನಮ್ಮ ಹೊಲದ ಬೆಳೆಗಳೆಲ್ಲ ಹೂ ಬಿಡುವ ಗುಂಪಿನವು.

ಇದರಿಂದ ನಮಗೇನು ಬಂತು ಎನ್ನುತ್ತೀರಾ? ಟೊಮೇಟೊ, ಬದನೆ, ಆಲೂಗಡ್ಡೆ, ಮೆಣಸಿನಕಾಯಿ ಒಂದೇ ಕುಟುಂಬ. ಟೊಮೇಟೊ ಸೊರಗು ರೋಗದಿಂದ ಹೋದ ಜಾಗದಲ್ಲಿ ಬದನೆ ನೆಟ್ಟರೆ ಬೆಳೆ ಬದಲಾಯಿಸಿದಂತಾಗಲಿಲ್ಲ. ಮಣ್ಣಿನಲ್ಲಿರುವ ರೋಗಾಣುವಿಗೆ ಮತ್ತೆ ಊಟ ಬಡಿಸಿದಂತಾಯಿತು. ಅಲ್ಲಿ ಜೋಳವನ್ನೋ ರಾಗಿಯನ್ನೋ ಹಾಕಿ. ಹುರುಳಿ, ತೊಗರಿ, ಕಡಲೆಕಾಯಿ ಇನ್ನೊಂದು ಕುಟುಂಬ. ಇವುಗಳ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತವೆ. ಜರ್ಮನಿಯ ಹೆಲ್ರೀಗೆಲ್ ಮತ್ತು ವಿಲ್ಫಾರ್ಥ್ 1886-88ರಲ್ಲಿ ಇದನ್ನು ಪ್ರಯೋಗದಿಂದ ತೋರಿಸಿದರು. ಇನ್ನು ಕಸಿಯ ಮಾತು. ಮಾವಿನ ತೊಗಟೆಯ ಒಳಗೆ ಕಾಂಡವನ್ನು ದಪ್ಪಗೆ ಮಾಡುವ ಬೆಳೆಯುವ ಪದರವಿದೆ, ಕಸಿ ಕೂಡುತ್ತದೆ. ತೆಂಗಿಗೆ ಆ ಪದರವಿಲ್ಲ. ಮಾವಿನಂತೆ ಕಸಿ ಕಟ್ಟಲಾಗದು, ಆದ್ದರಿಂದ ಒಳ್ಳೆಯ ತಾಯಿಮರದ ಕಾಯಿಯನ್ನೇ ಆರಿಸಬೇಕು.

ವಿಂಗಡಣೆ ಇಲ್ಲಿಗೆ ಮುಗಿಯಲಿಲ್ಲ. 1998ರಲ್ಲಿ ಹಲವು ದೇಶಗಳ ವಿಜ್ಞಾನಿಗಳು ಕೂಡಿ, ಗಿಡದ ಜೀವಕಣದೊಳಗಿನ ವಂಶದ ಬರಹವನ್ನು ಹೋಲಿಸಿ ಹೊಸ ಪಟ್ಟಿ ಹೊರಡಿಸಿದರು. ಅದರಂತೆ ಕರಿಮೆಣಸು, ಸೀತಾಫಲಗಳಿಗೆ ಎರಡು ಬೀಜದೆಲೆ ಇದ್ದರೂ ಅವು ಅವರೆ, ಮಾವುಗಳ ಕವಲಿಗೆ ಸೇರದೆ ಬೇರೆ ಕವಲಾಗಿ ನಿಂತವು. ಏಕದಳ ಗಿಡಗಳು ಮಾತ್ರ ಒಂದೇ ಬಳಗವಾಗಿ ಉಳಿದವು.

ಆದ್ದರಿಂದ ರೈತ ಬಾಂಧವರೇ, ಬೆಳೆ ಬದಲಾಯಿಸುವ ಮುನ್ನ, ಕಳೆನಾಶಕದ ಡಬ್ಬ ತೆರೆಯುವ ಮುನ್ನ, ಹೊಲದಲ್ಲಿ ಯಾವ ಯಾವ ಬಳಗದ ಗಿಡಗಳಿವೆ ಎಂದು ಒಮ್ಮೆ ನೋಡಿಕೊಳ್ಳಿ. ಅಕ್ಕಡಿ ಸಾಲು ಇದ್ದರೆ ಡಬ್ಬ ಬೇಡ, ಕುಂಟೆ ಹೊಡೆಯಿರಿ, ಕುರ್ಚಿಗೆ ಹಿಡಿಯಿರಿ.